ಪ್ರಶ್ನೋತ್ತರ: ‘ಇದ್ದರೆ’, ‘ಇಲ್ಲದಿದ್ದರೆ’ಗಳ ಲೆಕ್ಕಾಚಾರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಪ್ರೋಗ್ರಾಮಿಂಗ್ ಕಲಿಯಲು ಕುಳಿತವರಿಗೆ ಮೊದಲ ಕೆಲವು ವಾರಗಳಲ್ಲೇ ಎದುರಾಗುವ ಷರತ್ತು ವಾಕ್ಯಗಳು, ಅಂದರೆ ‘ಇಫ್’ ಮತ್ತು ‘ಎಲ್ಸ್’, ನೋಡಲು ಸುಲಭವಾಗಿದ್ದರೂ ಬರೆದ ಮೇಲೆ ಬೇರೆಯೇ ಉತ್ತರ ಕೊಡುತ್ತವೆ ಎಂಬುದು ಬಹುಪಾಲು ಓದುಗರ ದೂರು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಮಾದರಿ ಪ್ರೋಗ್ರಾಮ್‌ಗಳನ್ನು ಪೈಥಾನ್ ಭಾಷೆಯ ರೀತಿಯಲ್ಲಿ ಬರೆದು ಕನ್ನಡ ಲಿಪಿಯಲ್ಲೇ ಅಚ್ಚು ಮಾಡಿದ್ದೇವೆ. ಇಫ್ (ಇದ್ದರೆ), ಎಲಿಫ್ (ಅದಲ್ಲದೆ ಹೀಗಿದ್ದರೆ), ಎಲ್ಸ್ (ಇಲ್ಲದಿದ್ದರೆ), ಆ್ಯಂಡ್ (ಮತ್ತು), ಆರ್ (ಅಥವಾ), ಪ್ರಿಂಟ್ (ಮುದ್ರಿಸು) ಮುಂತಾದ ಪದಗಳನ್ನು ಕಂಪ್ಯೂಟರಿಗೆ ಕೊಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಅಂಕ, ವಯಸ್ಸು, ಊರು ಎಂಬಂಥ ನಾವಿಡುವ ಹೆಸರುಗಳನ್ನು ಪೈಥಾನ್ 3 ಕನ್ನಡದಲ್ಲೇ ಒಪ್ಪಿಕೊಳ್ಳುತ್ತದೆ.

ಪ್ರಶ್ನೆ: ಮಾನ್ಯರೇ, ನಾನು ಪ್ರಥಮ ಪಿಯುಸಿ ವಿದ್ಯಾರ್ಥಿನಿ. ಶೇಕಡಾವಾರು ಅಂಕ ಕೊಟ್ಟರೆ ದರ್ಜೆ ಹೇಳುವ ಪ್ರೋಗ್ರಾಮ್ ಬರೆದು ತರಲು ನಮ್ಮ ಉಪನ್ಯಾಸಕರು ಹೇಳಿದ್ದರು: 85 ಮತ್ತು ಅದಕ್ಕೂ ಹೆಚ್ಚಾದರೆ ಡಿಸ್ಟಿಂಕ್ಷನ್, 60ರಿಂದ ಪ್ರಥಮ ದರ್ಜೆ, 50ರಿಂದ ದ್ವಿತೀಯ ದರ್ಜೆ, 35ರಿಂದ ತೇರ್ಗಡೆ, ಅದಕ್ಕೂ ಕಡಿಮೆಯಾದರೆ ಅನುತ್ತೀರ್ಣ. ನಾನು ಬರೆದದ್ದು ಹೀಗಿದೆ. ದೋಷವೇನೂ ತೋರಿಸುತ್ತಿಲ್ಲ, ಆದರೆ 92 ಕೊಟ್ಟರೂ ‘ತೇರ್ಗಡೆ’ ಎಂದಷ್ಟೇ ಬರುತ್ತದೆ.

ಇಫ್ ಅಂಕ >= 35:
    ಪ್ರಿಂಟ್("ತೇರ್ಗಡೆ")
ಎಲಿಫ್ ಅಂಕ >= 50:
    ಪ್ರಿಂಟ್("ದ್ವಿತೀಯ ದರ್ಜೆ")
ಎಲಿಫ್ ಅಂಕ >= 60:
    ಪ್ರಿಂಟ್("ಪ್ರಥಮ ದರ್ಜೆ")
ಎಲಿಫ್ ಅಂಕ >= 85:
    ಪ್ರಿಂಟ್("ಡಿಸ್ಟಿಂಕ್ಷನ್")
ಎಲ್ಸ್:
    ಪ್ರಿಂಟ್("ಅನುತ್ತೀರ್ಣ")

— ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ನಿಮ್ಮ ಷರತ್ತುಗಳಲ್ಲಿ ಒಂದೂ ತಪ್ಪಿಲ್ಲ, ಅವು ನಿಂತಿರುವ ಸರದಿ ತಪ್ಪಾಗಿದೆ. ಇಫ್, ಎಲಿಫ್, ಎಲ್ಸ್ ಎಂದು ಒಂದರ ಕೆಳಗೊಂದು ಬರೆದ ಸರಪಳಿಯನ್ನು ಕಂಪ್ಯೂಟರ್ ಮೇಲಿನಿಂದ ಕೆಳಕ್ಕೆ ಪರೀಕ್ಷಿಸುತ್ತ ಬರುತ್ತದೆ, ಮೊದಲು ನಿಜವೆಂದು ಕಂಡ ಷರತ್ತಿನ ಕೆಳಗಿರುವ ಕೆಲಸವನ್ನು ಮಾಡುತ್ತದೆ, ಉಳಿದವುಗಳ ಕಡೆಗೆ ತಿರುಗಿಯೂ ನೋಡದೆ ಸರಪಳಿಯಿಂದ ಹೊರಬೀಳುತ್ತದೆ. 92 ಎಂಬುದು 35ಕ್ಕಿಂತ ದೊಡ್ಡದು ಎನ್ನುವುದು ನಿಜವೇ ಆಗಿರುವುದರಿಂದ ತೀರ್ಮಾನ ಮೊದಲ ಸಾಲಿನಲ್ಲೇ ಮುಗಿದುಹೋಯಿತು. ನಿಮ್ಮ ಪ್ರೋಗ್ರಾಮಿನಲ್ಲಿ ‘ಡಿಸ್ಟಿಂಕ್ಷನ್’ ಎಂಬ ಸಾಲನ್ನು ತಲುಪುವ ಅಂಕ ಪ್ರಪಂಚದಲ್ಲೇ ಇಲ್ಲ: 35 ಅಥವಾ ಅದಕ್ಕಿಂತ ಹೆಚ್ಚಿನದೆಲ್ಲ ಮೊದಲ ಬಾಗಿಲಲ್ಲೇ ನಿಲ್ಲುತ್ತದೆ, ಕಡಿಮೆಯಾದದ್ದೆಲ್ಲ ನೇರವಾಗಿ ಎಲ್ಸ್‌ಗೆ ಹೋಗುತ್ತದೆ.

ನಿಮ್ಮ ಊರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಬೀಜವನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸುವುದನ್ನು ನೀವು ನೋಡಿರಬಹುದು. ದೊಡ್ಡ ಕಣ್ಣಿನ ಜರಡಿ ಮೇಲಿರುತ್ತದೆ. ಅದರಲ್ಲಿ ದಪ್ಪ ಬೀಜ ಮಾತ್ರ ನಿಲ್ಲುತ್ತದೆ, ಉಳಿದದ್ದು ಕೆಳಗಿನ ಸಣ್ಣ ಕಣ್ಣಿನ ಜರಡಿಗೆ ಬೀಳುತ್ತದೆ, ಅಲ್ಲೂ ನಿಲ್ಲದ್ದು ಇನ್ನೂ ಕೆಳಕ್ಕೆ ಇಳಿಯುತ್ತದೆ. ಸಣ್ಣ ಕಣ್ಣಿನ ಜರಡಿಯನ್ನೇ ಮೇಲಿಟ್ಟರೆ ದಪ್ಪ ಬೀಜವೂ ನಡುತರದ ಬೀಜವೂ ಅದರಲ್ಲೇ ನಿಂತು ವಿಂಗಡಣೆಯೇ ನಡೆಯುವುದಿಲ್ಲ. ನೀವು ಮಾಡಿರುವುದು ಅದನ್ನೇ. ಷರತ್ತುಗಳನ್ನು ತಲೆಕೆಳಗು ಮಾಡಿ, 85, 60, 50, 35 ಎಂಬ ಕ್ರಮದಲ್ಲಿಡಿ:

ಇಫ್ ಅಂಕ >= 85:
    ಪ್ರಿಂಟ್("ಡಿಸ್ಟಿಂಕ್ಷನ್")
ಎಲಿಫ್ ಅಂಕ >= 60:
    ಪ್ರಿಂಟ್("ಪ್ರಥಮ ದರ್ಜೆ")
ಎಲಿಫ್ ಅಂಕ >= 50:
    ಪ್ರಿಂಟ್("ದ್ವಿತೀಯ ದರ್ಜೆ")
ಎಲಿಫ್ ಅಂಕ >= 35:
    ಪ್ರಿಂಟ್("ತೇರ್ಗಡೆ")
ಎಲ್ಸ್:
    ಪ್ರಿಂಟ್("ಅನುತ್ತೀರ್ಣ")

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ‘ಎಲಿಫ್ ಅಂಕ >= 60’ ಎಂಬ ಸಾಲಿಗೆ ಬಂದಾಗ ಅಂಕ 85ಕ್ಕಿಂತ ಕಡಿಮೆ ಎಂಬುದು ಆಗಲೇ ಸಾಬೀತಾಗಿರುತ್ತದೆ; ಇಲ್ಲದಿದ್ದರೆ ಅಲ್ಲಿಗೆ ಬರುತ್ತಲೇ ಇರಲಿಲ್ಲ. ಕೆಲವರು ಸಮಾಧಾನಕ್ಕೆಂದು ‘60ರಿಂದ 84ರವರೆಗೆ’ ಎಂದು ಎರಡೂ ಅಂಚುಗಳನ್ನು ಬರೆದಿಡುತ್ತಾರೆ. ಅಂಕ ಪೂರ್ಣಾಂಕವಾಗಿರುವ ತನಕ ಅದರಿಂದ ತೊಂದರೆಯಿಲ್ಲ. ಆದರೆ ಶೇಕಡಾ 84.5 ಪಡೆದ ವಿದ್ಯಾರ್ಥಿ ಬಂದಾಗ ಅವನು 85ನ್ನೂ ಮುಟ್ಟುವುದಿಲ್ಲ, 84ರೊಳಗೂ ಇರುವುದಿಲ್ಲ. ಕೆಳಗಿನ ಯಾವ ಜರಡಿಯಲ್ಲೂ ನಿಲ್ಲದೆ ಎಲ್ಸ್‌ಗೆ ಬಿದ್ದು ಅನುತ್ತೀರ್ಣನಾಗುತ್ತಾನೆ. ಒಂದು ಗಡಿಯನ್ನು ಒಂದೇ ಕಡೆ ಬರೆಯುವುದು ಲೇಸು.

ಇದೇ ಲೆಕ್ಕವನ್ನು ಇನ್ನೊಬ್ಬ ಓದುಗರು ಎಲಿಫ್ ಬಳಸದೆ ನಾಲ್ಕು ಬಿಡಿ ಇಫ್‌ಗಳಲ್ಲಿ ಬರೆದಿದ್ದಾರೆ. ಅವರ ಪ್ರೋಗ್ರಾಮ್ 92ಕ್ಕೆ ನಾಲ್ಕು ದರ್ಜೆಗಳನ್ನೂ ಸಾಲಾಗಿ ಮುದ್ರಿಸುತ್ತದೆ. ಬಿಡಿ ಇಫ್‌ಗಳಿಗೆ ಒಂದಕ್ಕೊಂದು ನಂಟಿಲ್ಲ, ಪ್ರತಿಯೊಂದೂ ಹೊಸ ಪ್ರಶ್ನೆ. ಇಫ್ ಮತ್ತು ಎಲಿಫ್‌ಗಳು ಸೇರಿದರೆ ಮಾತ್ರ ‘ಇವುಗಳಲ್ಲಿ ಒಂದನ್ನು ಆರಿಸು’ ಎಂಬ ಅರ್ಥ ಹುಟ್ಟುತ್ತದೆ. ಅಂದ ಹಾಗೆ, ಮೇಲಿನ ಸರಿಪಡಿಸಿದ ಪ್ರೋಗ್ರಾಮಿಗೆ 920 ಎಂದು ಕೊಟ್ಟು ನೋಡಿ. ಅದು ನಾಚಿಕೆಯಿಲ್ಲದೆ ‘ಡಿಸ್ಟಿಂಕ್ಷನ್’ ಎನ್ನುತ್ತದೆ. ಸರಪಳಿಗಿಂತ ಮೊದಲು, ಅಂಕ 0 ಮತ್ತು 100ರ ನಡುವೆ ಇದೆಯೇ ಎಂದು ಕೇಳುವ ಷರತ್ತನ್ನು ನೀವೇ ಸೇರಿಸಿಕೊಳ್ಳಬೇಕು.

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕ. ‘18 ವರ್ಷ ಮೇಲ್ಪಟ್ಟವರು ಮತ ಹಾಕಬಹುದು’ ಎಂಬ ವಾಕ್ಯವನ್ನು ಷರತ್ತಾಗಿ ಬರೆಯಲು ಹೇಳಿದಾಗ ತರಗತಿಯ ಅರ್ಧದಷ್ಟು ಮಕ್ಕಳು ‘ವಯಸ್ಸು > 18’ ಎಂದೂ ಉಳಿದವರು ‘ವಯಸ್ಸು >= 18’ ಎಂದೂ ಬರೆದರು. ಎರಡನೆಯದು ಸರಿ ಎಂದು ಹೇಳಿದೆ. ‘ಮೇಲ್ಪಟ್ಟ ಎಂದರೆ ಮೇಲೆ ತಾನೇ ಸರ್’ ಎಂದು ಒಬ್ಬ ಹುಡುಗ ಕೇಳಿದಾಗ ಉತ್ತರ ಹೊಳೆಯಲಿಲ್ಲ.

— ಶಿಕ್ಷಕ, ದಾವಣಗೆರೆ ಜಿಲ್ಲೆ

ಉತ್ತರ: ಆ ಹುಡುಗನ ಪ್ರಶ್ನೆ ನ್ಯಾಯವಾದದ್ದು, ಮತ್ತು ತಪ್ಪು ಅವನದಲ್ಲ, ವಾಕ್ಯದ್ದು. ದಿನಬಳಕೆಯ ಕನ್ನಡದಲ್ಲಿ ಗಡಿಯನ್ನು ಹೇಳುವ ನಮ್ಮ ಪದಗಳು ಸಡಿಲವಾಗಿವೆ. ‘ಮೇಲ್ಪಟ್ಟ’, ‘ಒಳಗಿನ’, ‘ವರೆಗೆ’, ‘ದಾಟಿದ’ ಎಂದಾಗ ಗಡಿಯ ಮೇಲೆಯೇ ನಿಂತವನು ಒಳಗೋ ಹೊರಗೋ ಎಂಬುದನ್ನು ಕೇಳುವವನು ಸಂದರ್ಭದಿಂದ ಊಹಿಸಿಕೊಳ್ಳುತ್ತಾನೆ. ಯಂತ್ರಕ್ಕೆ ಊಹೆ ಬರುವುದಿಲ್ಲವಾದ್ದರಿಂದ, ಷರತ್ತು ಬರೆಯುವವನು ಆ ಒಂದು ಬಿಂದುವಿನ ಬಗ್ಗೆ ತೀರ್ಪು ಕೊಡಲೇಬೇಕಾಗುತ್ತದೆ. ಹಾಗಿದ್ದಾಗ ಮೂಲ ನಿಯಮಕ್ಕೆ ಹೋಗುವುದೇ ದಾರಿ. ಸಂವಿಧಾನದ 326ನೇ ವಿಧಿ ‘18 ವರ್ಷಕ್ಕೆ ಕಡಿಮೆಯಿಲ್ಲದ’ ನಾಗರಿಕ ಎನ್ನುತ್ತದೆ. (1989ರಲ್ಲಿ 61ನೇ ತಿದ್ದುಪಡಿ ಜಾರಿಗೆ ಬರುವವರೆಗೆ ಅಲ್ಲಿ 21 ಎಂದಿತ್ತು.) ‘ಕಡಿಮೆಯಿಲ್ಲದ’ ಎಂಬುದನ್ನು ಚಿಹ್ನೆಗೆ ತಿರುಗಿಸಿದರೆ ‘>=’ ಅಲ್ಲದೆ ಬೇರೇನೂ ಬರುವುದಿಲ್ಲ.

ತರಗತಿಯಲ್ಲಿ ನಾನಾಗಿದ್ದರೆ ‘ತುಂಬಿದ’ ಮತ್ತು ‘ತುಂಬದ’ ಎಂಬ ಎರಡು ಪದಗಳನ್ನೇ ಬಳಸುತ್ತಿದ್ದೆ. ವಯಸ್ಸಿನ ಮಟ್ಟಿಗೆ ಅವುಗಳಷ್ಟು ಖಚಿತವಾದ ಪದಗಳು ನಮ್ಮಲ್ಲಿ ಬೇರೆ ಇಲ್ಲ. ರೈಲ್ವೆಯ ಮಕ್ಕಳ ಟಿಕೆಟ್ ಒಳ್ಳೆಯ ಅಭ್ಯಾಸವಾದೀತು. 5 ವರ್ಷ ತುಂಬದ ಮಗುವಿಗೆ ಬೇರೆ ಬರ್ತ್ ಬೇಡವಾದರೆ ಟಿಕೆಟ್ ಬೇಕಿಲ್ಲ. 5 ತುಂಬಿ 12 ತುಂಬದವರಿಗೆ ಬೇರೆ ಬರ್ತ್ ಪಡೆಯದಿದ್ದರೆ ಅರ್ಧ ದರ. ಎರಡನೆಯ ಗುಂಪನ್ನು ಪೈಥಾನ್‌ನಲ್ಲಿ ಗಣಿತದ ಪುಸ್ತಕದಲ್ಲಿ ಬರೆಯುವಂತೆಯೇ ‘5 <= ವಯಸ್ಸು < 12’ ಎಂದು ಬರೆಯಬಹುದು. ಸಿ ಭಾಷೆಯಲ್ಲಿ ಹೀಗೆ ಬರೆದರೆ ಕಂಪೈಲರ್, ಅಂದರೆ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಅನುವಾದಕ, ತಕರಾರು ಮಾಡದೆ ಒಪ್ಪಿಕೊಂಡು ಯಾವಾಗಲೂ ‘ನಿಜ’ ಎಂದೇ ಹೇಳುತ್ತದೆ. ಏಕೆಂದರೆ ಅಲ್ಲಿ ಮೊದಲು ‘5 <= ವಯಸ್ಸು’ ಎಂಬುದರ ಉತ್ತರ 1 ಅಥವಾ 0 ಎಂದಾಗುತ್ತದೆ, ಆ ಬಳಿಕ ಆ 1 ಅಥವಾ 0 ಎಂಬುದು 12ಕ್ಕಿಂತ ಕಡಿಮೆಯೇ ಎಂಬ ಹೋಲಿಕೆ ನಡೆಯುತ್ತದೆ. 70 ವರ್ಷದ ಅಜ್ಜನಿಗೂ ಅರ್ಧ ಟಿಕೆಟ್!

ಮಕ್ಕಳು ಏನೇ ಬರೆಯಲಿ, 17, 18, 19 ಎಂಬ ಮೂರು ಬೆಲೆಗಳನ್ನು ಕೊಟ್ಟು ನೋಡುವ ಅಭ್ಯಾಸ ಮಾಡಿಸಿ. 40 ವರ್ಷದವರ ಮೇಲೆ ಪರೀಕ್ಷಿಸಿದರೆ ಎರಡೂ ಷರತ್ತುಗಳು ಒಂದೇ ಉತ್ತರ ಕೊಡುತ್ತವೆ. ತಪ್ಪು ಅಡಗಿರುವುದು ಗಡಿಯಲ್ಲಿ.

ಪ್ರಶ್ನೆ: ಡಿಪ್ಲೊಮಾ ಪ್ರಾಜೆಕ್ಟಿಗಾಗಿ ಶಕ್ತಿ ಯೋಜನೆಯ ನಿಯಮವನ್ನು ಪ್ರೋಗ್ರಾಮ್ ಮಾಡುತ್ತಿದ್ದೇನೆ. ಮಹಿಳೆಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು, ರಾಜ್ಯದ ನಿವಾಸಿಗಳಾಗಿದ್ದರೆ, ಐಷಾರಾಮಿಯಲ್ಲದ ಬಸ್ಸಿನಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ನನ್ನ ಷರತ್ತು ಕೆಳಗಿದೆ. ಪ್ರಯಾಣಿಕರು ಮಹಿಳೆ ಎಂದು ಕೊಟ್ಟರೆ ಐರಾವತ ಬಸ್ಸಿಗೂ ದರ ಶೂನ್ಯ ಎಂದು ಬರುತ್ತದೆ.

ಇಫ್ ಮಹಿಳೆ ಆರ್ ಲಿಂಗತ್ವ_ಅಲ್ಪಸಂಖ್ಯಾತ ಆ್ಯಂಡ್ ನಿವಾಸಿ ಆ್ಯಂಡ್ ಸಾಮಾನ್ಯ_ಬಸ್:
    ದರ = 0

— ಡಿಪ್ಲೊಮಾ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ‘2 + 3 × 4’ ಎಂಬುದರ ಉತ್ತರ 20 ಅಲ್ಲ, 14, ಗುಣಾಕಾರ ಮೊದಲು, ಕೂಡುವುದು ಆಮೇಲೆ. ಹಾಗೆಯೇ ಷರತ್ತುಗಳಲ್ಲಿ ಆ್ಯಂಡ್ ಮೊದಲು, ಆರ್ ಆಮೇಲೆ. ನೀವು ಬರೆದುದನ್ನು ಕಂಪ್ಯೂಟರ್ ಹೀಗೆ ಓದಿಕೊಂಡಿದೆ: ಪ್ರಯಾಣಿಕರು ಮಹಿಳೆಯಾಗಿದ್ದರೆ ಸಾಕು, ಅಥವಾ ಲಿಂಗತ್ವ ಅಲ್ಪಸಂಖ್ಯಾತರಾಗಿದ್ದು ನಿವಾಸಿಯೂ ಆಗಿದ್ದು ಬಸ್ಸೂ ಸಾಮಾನ್ಯವಾಗಿದ್ದರೆ ಸಾಕು. ಅಂದರೆ ಉಳಿದೆರಡು ಷರತ್ತುಗಳು ಎರಡನೆಯ ಗುಂಪಿಗೆ ಮಾತ್ರ ಅಂಟಿಕೊಂಡವು. ‘ತಾಯಿ ಅಥವಾ ತಂದೆ ಮತ್ತು ಇಬ್ಬರು ಸಾಕ್ಷಿಗಳು ಬರಬೇಕು’ ಎಂದು ನೋಂದಣಿ ಕಚೇರಿಯಲ್ಲಿ ಹೇಳಿದರೆ, ತಾಯಿ ಬಂದರೂ ಸಾಕ್ಷಿಗಳು ಬೇಕು ಎಂದು ನಾವು ಅರ್ಥಮಾಡಿಕೊಳ್ಳುತ್ತೇವೆ. ಕಂಪ್ಯೂಟರ್ ಹಾಗಲ್ಲ, ತಾಯಿಯನ್ನು ಒಬ್ಬಳನ್ನೇ ಒಳಗೆ ಬಿಡುತ್ತದೆ. ಪರಿಹಾರ ಒಂದು ಜೊತೆ ಆವರಣ ಚಿಹ್ನೆ:

ಇಫ್ (ಮಹಿಳೆ ಆರ್ ಲಿಂಗತ್ವ_ಅಲ್ಪಸಂಖ್ಯಾತ) ಆ್ಯಂಡ್ ನಿವಾಸಿ ಆ್ಯಂಡ್ ಸಾಮಾನ್ಯ_ಬಸ್:
    ದರ = 0

ಯಾವುದು ಮೊದಲು ಎಂಬ ನಿಯಮವನ್ನು ಬಾಯಿಪಾಠ ಮಾಡಿದವರೂ ಆರ್ ಮತ್ತು ಆ್ಯಂಡ್ ಒಂದೇ ಸಾಲಿನಲ್ಲಿ ಬಂದಾಗ ಆವರಣ ಹಾಕುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆರು ತಿಂಗಳ ನಂತರ ಅದನ್ನು ಓದುವವರು ನೀವೇ ಆಗಿರುತ್ತೀರಿ. 2023ರ ಜೂನ್ 11ರಂದು ಆರಂಭವಾದ ಈ ಯೋಜನೆಯಲ್ಲಿ ಅಂತರರಾಜ್ಯ ಬಸ್ಸುಗಳಿಗೂ ಉಚಿತ ಪ್ರಯಾಣ ಅನ್ವಯಿಸುವುದಿಲ್ಲವಾದ್ದರಿಂದ ನಿಮ್ಮ ಷರತ್ತಿಗೆ ಇನ್ನೊಂದು ಆ್ಯಂಡ್ ಬೇಕು.

ಇದಕ್ಕೆ ಹತ್ತಿರದ ಇನ್ನೊಂದು ತಪ್ಪನ್ನು ಮಂಡ್ಯದ ಓದುಗರೊಬ್ಬರು ಕಳುಹಿಸಿದ್ದಾರೆ. ಊರು ಮೈಸೂರು ಅಥವಾ ಮಂಡ್ಯ ಆಗಿದ್ದರೆ ಎಂಬುದನ್ನು ಅವರು ‘ಇಫ್ ಊರು == "ಮೈಸೂರು" ಆರ್ "ಮಂಡ್ಯ":’ ಎಂದು ಬರೆದಿದ್ದಾರೆ; ಬೀದರ್ ಎಂದು ಕೊಟ್ಟರೂ ಷರತ್ತು ನಿಜವಾಗುತ್ತಿದೆ. ಮಾತಿನಲ್ಲಿ ‘ಊರು’ ಎಂಬುದನ್ನು ಒಮ್ಮೆ ಹೇಳಿದರೆ ಸಾಕು, ಪ್ರೋಗ್ರಾಮಿನಲ್ಲಿ ಸಾಲದು. ಆರ್‌ನ ಬಲಗಡೆ ಉಳಿದದ್ದು ‘ಮಂಡ್ಯ’ ಎಂಬ ಬರೀ ಒಂದು ಪದ. ಪೈಥಾನ್‌ನಲ್ಲಿ ಖಾಲಿಯಲ್ಲದ ಯಾವ ಪದವಾದರೂ ‘ನಿಜ’ ಎಂದೇ ಲೆಕ್ಕ. ‘ಊರು == "ಮೈಸೂರು" ಆರ್ ಊರು == "ಮಂಡ್ಯ"’ ಎಂದು ಹೋಲಿಕೆಯನ್ನು ಎರಡೂ ಬಾರಿ ಪೂರ್ತಿಯಾಗಿ ಬರೆಯಬೇಕು, ಇಲ್ಲವೇ ‘ಊರು ಇನ್ ("ಮೈಸೂರು", "ಮಂಡ್ಯ")’ ಎಂದು ಪಟ್ಟಿಯಲ್ಲಿ ಹುಡುಕಬೇಕು.

ಅದನ್ನೇ ನಿರಾಕರಿಸುವಾಗ ಇನ್ನೂ ಎಚ್ಚರ ಬೇಕು. ಎರಡೂ ಊರು ಅಲ್ಲದಿದ್ದರೆ ಎಂದು ಹೇಳಲು ‘ಊರು != "ಮೈಸೂರು" ಆರ್ ಊರು != "ಮಂಡ್ಯ"’ ಎಂದು ಬರೆದರೆ ಅದು ಎಂದೂ ಸುಳ್ಳಾಗುವುದಿಲ್ಲ, ಏಕೆಂದರೆ ಒಂದು ಊರು ಏಕಕಾಲಕ್ಕೆ ಮೈಸೂರೂ ಮಂಡ್ಯವೂ ಆಗಿರಲು ಸಾಧ್ಯವಿಲ್ಲ. ಅಲ್ಲಿ ಆ್ಯಂಡ್ ಬರಬೇಕು. ‘ಇದೂ ಅಲ್ಲ, ಅದೂ ಅಲ್ಲ’ ಎಂಬ ನಮ್ಮ ನುಡಿಗಟ್ಟಿನಲ್ಲಿರುವ ಎರಡು ‘ಊ’ಗಳೇ ಆ ಆ್ಯಂಡ್. ನಿರಾಕರಿಸಿದಾಗ ಆರ್ ಹೋಗಿ ಆ್ಯಂಡ್ ಬರುತ್ತದೆ, ಆ್ಯಂಡ್ ಹೋಗಿ ಆರ್ ಬರುತ್ತದೆ ಎಂಬ ಈ ನಿಯಮಕ್ಕೆ ಹೆಸರು ಬಂದದ್ದು 1806ರಲ್ಲಿ ಮದುರೆಯಲ್ಲಿ ಹುಟ್ಟಿದ ಇಂಗ್ಲಿಷ್ ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್‌ನಿಂದ.

ಪ್ರಶ್ನೆ: ನಾನು ಗೃಹಿಣಿ, ಮಗಳ ಜೊತೆ ಕುಳಿತು ಪೈಥಾನ್ ಕಲಿಯುತ್ತಿದ್ದೇನೆ. ನಮ್ಮ ಮನೆಯ ಗೃಹಜ್ಯೋತಿ ಲೆಕ್ಕವನ್ನೇ ಅಭ್ಯಾಸಕ್ಕೆ ತೆಗೆದುಕೊಂಡೆವು. ನಮ್ಮ ಸರಾಸರಿ 120 ಯೂನಿಟ್, ಶೇಕಡಾ 10 ಸೇರಿಸಿದರೆ 132. ಬಳಕೆ 130 ಎಂದು ಕೊಟ್ಟರೆ ಸರಿಯಾಗಿ ಸೊನ್ನೆ ಬರುತ್ತದೆ, 150 ಎಂದರೆ 18 ಯೂನಿಟ್‌ಗೆ ಹಣ ಎಂದು ಬರುತ್ತದೆ. ಆದರೆ 201 ಕೊಟ್ಟರೆ 69 ಯೂನಿಟ್ ಎಂದು ತೋರಿಸುತ್ತದೆ. ಪೂರ್ತಿ ಬಿಲ್ ಬರಬೇಕಲ್ಲವೇ?

— ಓದುಗರು, ಶಿವಮೊಗ್ಗ

ಉತ್ತರ: ಬರಬೇಕು. ಯೋಜನೆ ಆರಂಭವಾದಾಗ ಪ್ರಕಟವಾದ ಮೂಲ ನಿಯಮವನ್ನು ಮೊದಲು ಮಾತಿನಲ್ಲಿ ಬಿಡಿಸಿಕೊಳ್ಳೋಣ (ಕಡಿಮೆ ಬಳಸುವವರಿಗಾಗಿ ಆಮೇಲೆ ಮಾಡಿದ ಬದಲಾವಣೆಯನ್ನು ಇಲ್ಲಿ ಬಿಟ್ಟಿದ್ದೇನೆ). 2022–23ರ ಮಾಸಿಕ ಸರಾಸರಿಗೆ ಶೇಕಡಾ 10 ಸೇರಿಸಿದರೆ ಬರುವುದು ನಿಮ್ಮ ಅರ್ಹತೆ, ಅದು 200 ಯೂನಿಟ್ ಮೀರುವಂತಿಲ್ಲ. ಬಳಕೆ ಅರ್ಹತೆಯೊಳಗಿದ್ದರೆ ಶೂನ್ಯ ಬಿಲ್. ಅರ್ಹತೆ ಮೀರಿ 200ರೊಳಗಿದ್ದರೆ ಮೀರಿದಷ್ಟಕ್ಕೆ ಮಾತ್ರ ಹಣ. 200 ಮೀರಿದರೆ ಅಷ್ಟೂ ಯೂನಿಟ್‌ಗೆ ಹಣ. ನೀವು ಪ್ರೋಗ್ರಾಮ್ ಕಳುಹಿಸಿಲ್ಲವಾದರೂ 69 ಎಂಬ ಸಂಖ್ಯೆಯೇ ಕಥೆ ಹೇಳುತ್ತದೆ: 201ರಲ್ಲಿ 132 ಕಳೆದರೆ 69. ‘ಬಳಕೆ > ಅರ್ಹತೆ’ ಎಂಬ ಷರತ್ತನ್ನು ನೀವು ಮೊದಲು ಇಟ್ಟಿದ್ದೀರಿ, 201 ಅಲ್ಲಿಯೇ ಸಿಕ್ಕಿಬಿದ್ದಿದೆ, 200ರ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ಚಿಕ್ಕಮಗಳೂರಿನ ವಿದ್ಯಾರ್ಥಿನಿಯ ಜರಡಿಯೇ ಇಲ್ಲೂ ತಲೆಕೆಳಗಾಗಿದೆ.

ಅರ್ಹತೆ = ಸರಾಸರಿ * 110 / 100
ಇಫ್ ಅರ್ಹತೆ > 200:
    ಅರ್ಹತೆ = 200

ಇಫ್ ಬಳಕೆ > 200:
    ಪಾವತಿ = ಬಳಕೆ
ಎಲಿಫ್ ಬಳಕೆ > ಅರ್ಹತೆ:
    ಪಾವತಿ = ಬಳಕೆ - ಅರ್ಹತೆ
ಎಲ್ಸ್:
    ಪಾವತಿ = 0

ಮೊದಲ ಇಫ್ ಬೇರೆ, ಎರಡನೆಯ ಸರಪಳಿ ಬೇರೆ ಎಂಬುದನ್ನು ಮಗಳಿಗೆ ತೋರಿಸಿ. ಮೊದಲನೆಯದು ಅರ್ಹತೆಗೆ ಮಿತಿ ಹಾಕುವ ಕೆಲಸ ಮಾಡಿ ಸುಮ್ಮನಾಗುತ್ತದೆ. ಅದಕ್ಕೆ ಎಲ್ಸ್ ಬೇಕಿಲ್ಲ. ಸರಾಸರಿ 190 ಇರುವ ಮನೆಗೆ 209 ಎಂಬ ಅರ್ಹತೆ ಬಂದು ಅದು 200ಕ್ಕೆ ಇಳಿಯುತ್ತದೆ. ಎರಡನೆಯ ಸರಪಳಿ ಮೂರರಲ್ಲಿ ಒಂದು ದಾರಿಯನ್ನು ಆರಿಸುತ್ತದೆ. ಇದನ್ನೇ ಇಫ್‌ನ ಹೊಟ್ಟೆಯೊಳಗೆ ಇನ್ನೊಂದು ಇಫ್ ಇಟ್ಟು ಬರೆಯಲೂ ಬರುತ್ತದೆ, ತಪ್ಪೇನಿಲ್ಲ. ಆದರೆ ಮೂರು ಮಟ್ಟದ ಒಳಗೆ ಹೋದ ಮೇಲೆ ಯಾವ ಎಲ್ಸ್ ಯಾವ ಇಫ್‌ನದು ಎಂದು ಬೆರಳಿಟ್ಟು ಹುಡುಕಬೇಕಾಗುತ್ತದೆ.

ಈಗ ನಿಮ್ಮ ಮನೆಯ ಅರ್ಹತೆಗೆ 132, 133, 200, 201 ಎಂಬ ನಾಲ್ಕು ಬಳಕೆಗಳನ್ನು ಮೊದಲು ಕಾಗದದ ಮೇಲೆ ಮಾಡಿ, ಆಮೇಲೆ ಯಂತ್ರಕ್ಕೆ ಕೊಡಿ. ಪಾವತಿ ಕ್ರಮವಾಗಿ 0, 1, 68, 201 ಯೂನಿಟ್ ಬರಬೇಕು. 68ರಿಂದ 201ಕ್ಕೆ ಒಂದೇ ಯೂನಿಟ್‌ನಲ್ಲಿ ಆಗುವ ಈ ಜಿಗಿತ ಪ್ರೋಗ್ರಾಮಿನ ದೋಷವಲ್ಲ, ನಿಯಮದ ಸ್ವಭಾವ. ತಿಂಗಳ ಕೊನೆಯ ವಾರದಲ್ಲಿ ಮೀಟರ್ ಕಡೆಗೆ ಕಣ್ಣಿಟ್ಟಿರುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶೇಕಡಾ 10ನ್ನು ‘* 1.1’ ಎಂದು ಬರೆಯದೆ ‘* 110 / 100’ ಎಂದು ಬರೆದದ್ದಕ್ಕೂ ಕಾರಣವಿದೆ. ಪೈಥಾನ್‌ನಲ್ಲಿ 100 * 1.1 ಎಂದು ಕೇಳಿ ನೋಡಿ. 110 ಎಂದು ಬರುವುದಿಲ್ಲ, 110.00000000000001 ಎಂದು ಬರುತ್ತದೆ. 1.1 ಎಂಬ ಸಂಖ್ಯೆಯನ್ನು ಕಂಪ್ಯೂಟರ್ ಒಳಗಿನ ದ್ವಿಮಾನ ಪದ್ಧತಿಯಲ್ಲಿ ಪೂರ್ತಿ ನಿಖರವಾಗಿ ಬರೆಯಲು ಬಾರದಿರುವುದರಿಂದ ಆ ತುಣುಕು ಉಳಿದುಕೊಳ್ಳುತ್ತದೆ. ಸರಾಸರಿ 100 ಇರುವ ಮನೆಯವರು 111 ಯೂನಿಟ್ ಬಳಸಿದರೆ ಪಾವತಿ 1 ಎಂದು ಬರುವ ಬದಲು 0.9999999999999858 ಎಂದು ಬರುತ್ತದೆ, ಮತ್ತು ‘ಪಾವತಿ == 1’ ಎಂದು ಕೇಳಿದ ಷರತ್ತು ಸುಳ್ಳಾಗುತ್ತದೆ. ದಶಾಂಶಗಳನ್ನು ‘==’ ಚಿಹ್ನೆಯಿಂದ ಹೋಲಿಸಲು ಹೋಗಬೇಡಿ.

ಪ್ರಶ್ನೆ: ಇಬ್ಬರ ಅಂಕಗಳನ್ನು ಕೇಳಿ ಯಾರದು ಹೆಚ್ಚು ಎಂದು ಹೇಳುವ ಪ್ರೋಗ್ರಾಮ್ 9 ಮತ್ತು 35 ಕೊಟ್ಟಾಗ 9 ದೊಡ್ಡದು ಎನ್ನುತ್ತಿದೆ. ಷರತ್ತು ಸರಿಯಾಗಿಯೇ ಇದೆ.

— ಓದುಗರು, ಕಲಬುರಗಿ

ಉತ್ತರ: ಷರತ್ತು ಸರಿಯಿದೆ, ಹೋಲಿಕೆಗೆ ಒಳಗಾದವು ಸಂಖ್ಯೆಗಳಲ್ಲ. ಕೀಲಿಮಣೆಯಿಂದ ಇನ್‌ಪುಟ್ ಮೂಲಕ ಬಂದದ್ದೆಲ್ಲ ಪೈಥಾನ್‌ಗೆ ಅಕ್ಷರಗಳ ಸಾಲು. ಅಕ್ಷರಗಳನ್ನು ನಿಘಂಟಿನಲ್ಲಿ ಜೋಡಿಸುವಂತೆ ಮೊದಲ ಅಕ್ಷರದಿಂದ ಹೋಲಿಸಲಾಗುತ್ತದೆ. 9 ಎಂಬ ಅಕ್ಷರ 3ರ ನಂತರ ಬರುವುದರಿಂದ ಅದೇ ‘ದೊಡ್ಡದು’. ಅಂಕವನ್ನು ತೆಗೆದುಕೊಳ್ಳುವಾಗಲೇ ‘ಅಂಕ = ಇಂಟ್(ಇನ್‌ಪುಟ್())’ ಎಂದು ಪೂರ್ಣಾಂಕಕ್ಕೆ ತಿರುಗಿಸಿ.

ಪ್ರಶ್ನೆ: ಪ್ರತಿ ಇಫ್‌ಗೂ ಎಲ್ಸ್ ಬರೆಯಬೇಕೇ? ನಮಗೆ ಪಾಠ ಹೇಳುವವರು ‘ಬೇಕಿದ್ದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ’ ಎನ್ನುತ್ತಾರೆ. ಯಾವಾಗ ಬೇಕು ಎಂಬುದೇ ತಿಳಿಯುತ್ತಿಲ್ಲ.

— ಉದ್ಯೋಗಾಕಾಂಕ್ಷಿ, ಬೆಂಗಳೂರು

ಉತ್ತರ: ವ್ಯಾಕರಣದ ಪ್ರಕಾರ ಬೇಕಿಲ್ಲ. ಷರತ್ತು ಸುಳ್ಳಾಗಿ ಎಲ್ಸ್ ಇಲ್ಲದಿದ್ದರೆ ಕಂಪ್ಯೂಟರ್ ಏನನ್ನೂ ಮಾಡದೆ ಮುಂದಿನ ಸಾಲಿಗೆ ಹೋಗುತ್ತದೆ. ಇಲ್ಲಿ ನಮ್ಮ ಮಾತಿನ ಅಭ್ಯಾಸ ಕೈಕೊಡುತ್ತದೆ. ‘ಓದಿದರೆ ಪಾಸಾಗುತ್ತೀಯ’ ಎಂದು ತಾಯಿ ಹೇಳಿದಾಗ, ಓದದಿದ್ದರೆ ಏನಾಗುತ್ತದೆ ಎಂಬುದನ್ನು ಅವಳು ಹೇಳದಿದ್ದರೂ ಮಗನಿಗೆ ಕೇಳಿಸಿರುತ್ತದೆ. ಕಂಪ್ಯೂಟರಿಗೆ ಹೇಳದ ಅರ್ಧ ಕೇಳಿಸುವುದಿಲ್ಲ. ಆದ್ದರಿಂದ ಎಲ್ಸ್ ಬರೆಯದಿದ್ದರೂ ಚಿಂತೆಯಿಲ್ಲ, ಎಲ್ಸ್‌ನಲ್ಲಿ ಏನಾಗಬೇಕು ಎಂದು ಪ್ರತಿ ಇಫ್‌ನ ಬಳಿಯೂ ಒಮ್ಮೆ ಯೋಚಿಸಬೇಕು. ‘ಏನೂ ಆಗಬೇಕಿಲ್ಲ’ ಎಂಬುದು ನಿಮ್ಮ ಉತ್ತರವಾಗಿದ್ದರೆ ಮಾತ್ರ ಬಿಡಬೇಕು.

ಯೋಚಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪ್ರಸಿದ್ಧ ಉದಾಹರಣೆಯೊಂದಿದೆ. 2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್ ಕಂಪನಿಯ ಝೂನ್ ಎಂಬ ಹಾಡು ಕೇಳುವ ಸಾಧನದ 30 ಜಿಬಿ ಮಾದರಿಯವು ಒಟ್ಟೊಟ್ಟಿಗೆ ಸ್ತಬ್ಧವಾದವು. ಅದರ ಗಡಿಯಾರದ ಪ್ರೋಗ್ರಾಮ್ 1980ರಿಂದ ಎಣಿಸಿದ ದಿನಗಳ ಮೊತ್ತದಿಂದ ವರ್ಷವನ್ನು ಕಂಡುಹಿಡಿಯುತ್ತಿತ್ತು. ಅದರ ತಿರುಳು ಹೀಗಿತ್ತು: ದಿನಗಳು 365ಕ್ಕಿಂತ ಹೆಚ್ಚಿರುವವರೆಗೆ ಈ ಕೆಲಸವನ್ನು ಮತ್ತೆ ಮತ್ತೆ ಮಾಡು: ಅಧಿಕ ವರ್ಷವಾಗಿದ್ದರೆ, ಅದರೊಳಗೆ ದಿನಗಳು 366ಕ್ಕಿಂತ ಹೆಚ್ಚಿದ್ದರೆ 366 ಕಳೆದು ವರ್ಷಕ್ಕೆ ಒಂದು ಸೇರಿಸು; ಅಧಿಕ ವರ್ಷವಲ್ಲದಿದ್ದರೆ 365 ಕಳೆದು ವರ್ಷಕ್ಕೆ ಒಂದು ಸೇರಿಸು.

2008 ಅಧಿಕ ವರ್ಷ. ಡಿಸೆಂಬರ್ 31 ಅದರ 366ನೇ ದಿನ. ಹಿಂದಿನ ವರ್ಷಗಳನ್ನೆಲ್ಲ ಕಳೆದ ಮೇಲೆ ಕೈಯಲ್ಲಿ ಉಳಿದದ್ದು 366. ಅದು 365ಕ್ಕಿಂತ ಹೆಚ್ಚು, ಆದ್ದರಿಂದ ಮತ್ತೆ ಮಾಡಬೇಕು. ವರ್ಷ ಅಧಿಕ, ಆದ್ದರಿಂದ ಒಳಗಿನ ಇಫ್‌ಗೆ ಹೋಗಬೇಕು. 366 ಎಂಬುದು 366ಕ್ಕಿಂತ ಹೆಚ್ಚೇ? ಅಲ್ಲ. ಒಳಗಿನ ಆ ಇಫ್‌ಗೆ ಎಲ್ಸ್ ಇರಲಿಲ್ಲ. ಏನೂ ಕಳೆಯಲಿಲ್ಲ, ಏನೂ ಕೂಡಲಿಲ್ಲ, ದಿನಗಳು 366 ಆಗಿಯೇ ಉಳಿದವು, ಮತ್ತೆ ಮೇಲಕ್ಕೆ ಹೋಗಿ ಅದೇ ಪ್ರಶ್ನೆ, ಅದೇ ಮೌನ. ಗಾಣದ ಎತ್ತಿನಂತೆ ಸಾಧನ ಅಲ್ಲೇ ಸುತ್ತುತ್ತಿತ್ತು. ಬ್ಯಾಟರಿ ಪೂರ್ತಿ ಇಳಿಯಲು ಬಿಟ್ಟು, ಜನವರಿ 1ರ ಮಧ್ಯಾಹ್ನ ಗ್ರೀನಿಚ್ ಸಮಯ 12 ಗಂಟೆಯ ನಂತರ ಮತ್ತೆ ಆನ್ ಮಾಡಿ ಎಂಬುದು ಕಂಪನಿ ಬಳಕೆದಾರರಿಗೆ ಕೊಟ್ಟ ಸಲಹೆ. ಮರುದಿನಕ್ಕೆ ಎಣಿಕೆ 367 ಆಗಿ ಷರತ್ತು ನಿಜವಾಗುತ್ತಿತ್ತು. ಒಳಗಿನ ಇಫ್‌ಗೆ ‘ಇಲ್ಲದಿದ್ದರೆ ಇಲ್ಲಿಗೆ ನಿಲ್ಲಿಸು’ ಎಂಬ ಎರಡು ಸಾಲಿನ ಎಲ್ಸ್ ಇದ್ದಿದ್ದರೆ ಸಾಕಿತ್ತು.

ಪ್ರಶ್ನೆ: ನಾನು ಸಿ ಭಾಷೆ ಕಲಿಯುತ್ತಿದ್ದೇನೆ. ಷರತ್ತಿನಲ್ಲಿ ಎರಡು ಸಮ ಚಿಹ್ನೆಯ ಬದಲು ಒಂದೇ ಹಾಕಿದರೂ ಪ್ರೋಗ್ರಾಮ್ ಓಡುತ್ತದೆ, ಉತ್ತರ ಮಾತ್ರ ತಪ್ಪು ಬರುತ್ತದೆ. ಪೈಥಾನ್ ಕಲಿಯುವ ಗೆಳೆಯನಿಗೆ ಕೂಡಲೇ ದೋಷ ತೋರಿಸುತ್ತದೆ. ಸಿ ಏಕೆ ಸುಮ್ಮನಿರುತ್ತದೆ?

— ಇಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಉತ್ತರ: ಒಂದು ‘=’ ಎಂದರೆ ‘ಬಲಗಡೆಯದನ್ನು ಎಡಗಡೆಗೆ ಇಡು’ ಎಂಬ ಅಪ್ಪಣೆ; ‘==’ ಎಂದರೆ ‘ಎರಡೂ ಒಂದೇನಾ’ ಎಂಬ ಪ್ರಶ್ನೆ. ಸಿ ಭಾಷೆಯಲ್ಲಿ ಅಪ್ಪಣೆಗೂ ಒಂದು ಬೆಲೆಯಿದೆ, ಇಟ್ಟದ್ದೇ ಆ ಬೆಲೆ. ‘ಇಫ್ (ಅಂಕ = 5)’ ಎಂದರೆ ಅಂಕಕ್ಕೆ 5 ಇಟ್ಟು, ಆ 5 ಸೊನ್ನೆಯಲ್ಲವಾದ್ದರಿಂದ ‘ನಿಜ’ ಎಂದುಕೊಂಡು ಒಳಗೆ ಹೋಗುತ್ತದೆ; ‘ಇಫ್ (ಅಂಕ = 0)’ ಎಂದರೆ ಅಂಕವನ್ನು ಸೊನ್ನೆ ಮಾಡಿ ‘ಸುಳ್ಳು’ ಎನ್ನುತ್ತದೆ. ವ್ಯಾಕರಣಕ್ಕೆ ಇದು ಸರಿಯಾದ ವಾಕ್ಯ. ಎಚ್ಚರಿಕೆಗಳನ್ನು ತೋರಿಸುವಂತೆ ಕಂಪೈಲರ್‌ಗೆ ಹೇಳಿಟ್ಟರೆ ಅದು ‘ಹೋಲಿಕೆ ಮಾಡಲು ಹೊರಟಿದ್ದಿರಾ?’ ಎಂಬ ಅರ್ಥದ ಸೂಚನೆ ಕೊಡುತ್ತದೆ. ಆ ಸೂಚನೆಗಳನ್ನು ಎಂದೂ ಆಫ್ ಮಾಡಿಡಬೇಡಿ.

ಈ ಒಂದು ಚಿಹ್ನೆಯ ವ್ಯತ್ಯಾಸವನ್ನು ಬೇಕೆಂದೇ ಬಳಸಿಕೊಂಡವರೂ ಇದ್ದಾರೆ. 2003ರ ನವೆಂಬರ್‌ನಲ್ಲಿ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಒಂದು ಪ್ರತಿಯೊಳಗೆ ಯಾರೋ ನುಸುಳಿ ಎರಡು ಸಾಲು ಸೇರಿಸಿದ್ದರು. ಮೇಲ್ನೋಟಕ್ಕೆ ಅದು ತಪ್ಪು ಆಯ್ಕೆಗಳನ್ನು ಕೊಟ್ಟವರು ಯಾರು ಎಂದು ಪರಿಶೀಲಿಸಿ ದೋಷ ವರದಿ ಮಾಡುವ ಷರತ್ತು: ಬಳಕೆದಾರರ ಸಂಖ್ಯೆ 0 ಆಗಿದ್ದರೆ ದೋಷ ಎನ್ನು. ಆದರೆ ‘ಬಳಕೆದಾರರ ಸಂಖ್ಯೆ == 0’ ಎಂದು ಇರಬೇಕಾದ ಕಡೆ ಒಂದೇ ‘=’ ಇತ್ತು. ಲಿನಕ್ಸ್‌ನಲ್ಲಿ 0 ಎಂಬುದು ಸರ್ವಾಧಿಕಾರವಿರುವ ರೂಟ್ ಬಳಕೆದಾರನ ಸಂಖ್ಯೆ. ಆ ಸಾಲು ಓಡಿದೊಡನೆ ಸಾಮಾನ್ಯ ಬಳಕೆದಾರ ರೂಟ್ ಆಗುತ್ತಿದ್ದ; ಇಟ್ಟ ಬೆಲೆ 0 ಆದ್ದರಿಂದ ಷರತ್ತು ಸುಳ್ಳಾಗಿ, ದೋಷದ ವರದಿಯೂ ಆಗದೆ ಎಲ್ಲವೂ ಸದ್ದಿಲ್ಲದೆ ಮುಗಿಯುತ್ತಿತ್ತು. ಆ ಭಾಗವನ್ನು ಆವರಣದೊಳಗೆ ಇಟ್ಟಿದ್ದರಿಂದ ಕಂಪೈಲರ್ ಎಚ್ಚರಿಕೆಯನ್ನೂ ಕೊಡುತ್ತಿರಲಿಲ್ಲ. ಮೂಲ ಸಂಗ್ರಹದಲ್ಲಿ ಇಲ್ಲದ ಬದಲಾವಣೆ ಪ್ರತಿಯಲ್ಲಿ ಹೇಗೆ ಬಂತು ಎಂದು ಎರಡನ್ನೂ ತಾಳೆ ನೋಡುತ್ತಿದ್ದವರ ಕಣ್ಣಿಗೆ ಅದು ಬಿದ್ದು, ಬಿಡುಗಡೆಯಾದ ಯಾವ ಕರ್ನಲ್‌ಗೂ ಸೇರುವ ಮೊದಲೇ ಆ ಎರಡು ಸಾಲುಗಳನ್ನು ತೆಗೆದುಹಾಕಲಾಯಿತು.